ಗಣಕ ಪ್ರಶ್ನೋತ್ತರ: ಕ್ಯಾಸೆಟ್ಟಿನ ಧ್ವನಿ ಕಂಪ್ಯೂಟರಿಗೆ ಬಂದ ಮೇಲೆ

ಹಳೆಯ ಕ್ಯಾಸೆಟ್ಟುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ವಿವರಿಸಲಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದನ್ನೇ: ಇಳಿಸಿಕೊಂಡದ್ದಾಯಿತು, ಇನ್ನು ಅದನ್ನು ಯಾವ ಫಾರ್ಮ್ಯಾಟಿನಲ್ಲಿ ಇಡಬೇಕು, ಯಾವುದಕ್ಕೆ ಬದಲಾಯಿಸಬೇಕು? ಅಂಥ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಡಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. 1980ರ ದಶಕದಲ್ಲಿ ಮುಂಬಯಿಯಲ್ಲಿ ನಡೆಯುತ್ತಿದ್ದ ತಾಳಮದ್ದಳೆ ಕೂಟಗಳಿಗೆ ತಪ್ಪದೆ ಹೋಗಿ, ಸಣ್ಣದೊಂದು ರೆಕಾರ್ಡರನ್ನು ಮುಂದಿಟ್ಟುಕೊಂಡು ಧ್ವನಿಮುದ್ರಣ ಮಾಡಿಕೊಳ್ಳುತ್ತಿದ್ದೆ. ಹಾಗೆ ಉಳಿದಿರುವ 90 ನಿಮಿಷಗಳ 40 ಕ್ಯಾಸೆಟ್ಟುಗಳನ್ನು ನನ್ನ ಸೋದರಳಿಯ ವೇವ್ ಫೈಲುಗಳಾಗಿ ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದಾನೆ. ಒಂದೊಂದೂ ಸುಮಾರು 950 ಎಂಬಿ ಇದ್ದು, ಡಿಸ್ಕಿನಲ್ಲಿ ಜಾಗ ಸಾಲುತ್ತಿಲ್ಲ. ಎಲ್ಲವನ್ನೂ ಎಂಪಿ3 ಮಾಡಿ ವೇವ್ ಅಳಿಸಿಬಿಡಿ, ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎನ್ನುತ್ತಾನೆ. ಹಾಗೆ ಮಾಡಬಹುದೆ? ಊರಿನ ನೆಂಟರಿಗೆ ಪೆನ್ ಡ್ರೈವಿನಲ್ಲಿ ಹಾಕಿಕೊಡುವ ಆಸೆಯೂ ಇದೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೆಂಟರಿಗಾಗಿ ಎಂಪಿ3 ಮಾಡಿಕೊಳ್ಳಿ, ಆದರೆ ಎಂಪಿ3 ಆಯಿತೆಂಬ ಕಾರಣಕ್ಕೆ ವೇವ್ ಅಳಿಸಬೇಡಿ. ಅಳಿಸಲೇಬೇಕಾದರೆ ಮೊದಲು ಅವನ್ನು ಫ್ಲ್ಯಾಕ್ ಎಂಬ ಫಾರ್ಮ್ಯಾಟಿಗೆ ಬದಲಾಯಿಸಿ, ಆ ಪ್ರತಿ ಎರಡು ಕಡೆ ಭದ್ರವಾಗಿದೆ ಎಂದು ನೋಡಿಕೊಂಡ ಮೇಲೆ ಅಳಿಸಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ನಿಮ್ಮ ವೇವ್ ಫೈಲುಗಳಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಒಂದು ಸಂಖ್ಯೆಯಾಗಿ, ಎಡಬಲ ಎರಡೂ ಚಾನೆಲ್‌ಗಳಿಗೆ ಬೇರೆ ಬೇರೆಯಾಗಿ ಬರೆದಿಡಲಾಗಿದೆ. ಸಿ.ಡಿ.ಯ ಅಳತೆಯೂ ಇದೇ. ಲೆಕ್ಕ ಹಾಕಿದರೆ ನಿಮಿಷಕ್ಕೆ ಹತ್ತೂವರೆ ಎಂಬಿ, 90 ನಿಮಿಷಕ್ಕೆ 950 ಎಂಬಿ ಆಗುತ್ತದೆ; ಆದ್ದರಿಂದ ನಿಮ್ಮ ಸೋದರಳಿಯ ಇಳಿಸಿರುವುದು ಸರಿಯಾಗಿಯೇ ಇದೆ. ಫ್ಲ್ಯಾಕ್ ಇದೇ ಸಂಖ್ಯೆಗಳನ್ನು ಕಡಿಮೆ ಜಾಗದಲ್ಲಿ ಬರೆಯುವ ಉಪಾಯ. ಮರಳಿ ಬಿಡಿಸಿದಾಗ ಒಂದು ಬಿಟ್ಟೂ ಹೆಚ್ಚುಕಡಿಮೆಯಾಗದೆ ಮೂಲದ ಸಂಖ್ಯೆಗಳೇ ದೊರೆಯುತ್ತವೆ. ಅಷ್ಟೇ ಅಲ್ಲ, ಮೂಲಧ್ವನಿಯ ಒಂದು ತಾಳೆಸಂಖ್ಯೆಯನ್ನು ಅದು ಫೈಲಿನೊಳಗೇ ಇಟ್ಟುಕೊಂಡಿರುವುದರಿಂದ, ಹತ್ತು ವರ್ಷಗಳ ಬಳಿಕವೂ ಫೈಲು ಕೆಟ್ಟಿದೆಯೇ ಇಲ್ಲವೇ ಎಂದು ಪರೀಕ್ಷಿಸಬಹುದು. ವೇವ್‌ನಲ್ಲಿ ಈ ಅನುಕೂಲವಿಲ್ಲ. ಇದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2001ರಲ್ಲಿ, ಬಳಕೆಗೆ ಯಾವ ಶುಲ್ಕವೂ ಇಲ್ಲ. ಬದಲಾಯಿಸುವಾಗ 0ಯಿಂದ 8ರವರೆಗೆ ಒಂದು ಹಂತವನ್ನು ಆರಿಸಲು ಕೇಳಲಾಗುತ್ತದೆ. ಅದನ್ನು ಗುಣಮಟ್ಟದ ಹಂತವೆಂದು ತಿಳಿದು ಗಾಬರಿಯಾಗುವವರಿದ್ದಾರೆ. ಅದು ಕಂಪ್ಯೂಟರು ಎಷ್ಟು ಹೊತ್ತು ಹೆಣಗಬೇಕೆಂಬುದರ ಹಂತ ಮಾತ್ರ. ಧ್ವನಿ ಎಲ್ಲದರಲ್ಲೂ ಒಂದೇ.

ಸಾಮಾನ್ಯವಾಗಿ ಫ್ಲ್ಯಾಕ್ ಮೂಲದ ಅರ್ಧದಿಂದ ಮುಕ್ಕಾಲಿನೊಳಗೆ ನಿಲ್ಲುತ್ತದೆ. ನಿಮ್ಮವು ಕ್ಯಾಸೆಟ್ಟಿನಿಂದ ಬಂದವು, ಹಿನ್ನೆಲೆಯಲ್ಲಿ ‘ಸ್’ ಎನ್ನುವ ಮೊರೆತ ಇದ್ದೇ ಇರುತ್ತದೆ. ಆ ಮೊರೆತಕ್ಕೆ ಲಯವೂ ಇಲ್ಲ, ಪುನರಾವರ್ತನೆಯೂ ಇಲ್ಲವಾದ್ದರಿಂದ ಅದನ್ನು ಚುಟುಕಾಗಿ ಬರೆಯಲು ಯಾವ ತಂತ್ರಕ್ಕೂ ಆಗುವುದಿಲ್ಲ. ಹೀಗಾಗಿ ಅರ್ಧಕ್ಕೇ ಇಳಿಯುತ್ತದೆಂದು ನೆಚ್ಚಿಕೊಳ್ಳಬೇಡಿ. ಈಗಿನ 38 ಜಿಬಿ 25ರ ಆಸುಪಾಸಿಗೆ ಬಂದರೂ ಲಾಭವೇ.

ಎಂಪಿ3ಯ ದಾರಿ ಬೇರೆ. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಮುಖ್ಯ ಪಾತ್ರ ವಹಿಸಿ ರೂಪಿಸಿದ, 1995ರಲ್ಲಿ ಈಗಿನ ಹೆಸರನ್ನು ಪಡೆದ ಈ ಫಾರ್ಮ್ಯಾಟು, ಜೋರಾದ ಧ್ವನಿಯೊಂದು ಕೇಳುತ್ತಿರುವಾಗ ಅದರ ಮಗ್ಗುಲಿನ ಮೆಲುದನಿ ಕಿವಿಗೆ ಬೀಳುವುದಿಲ್ಲ ಎಂಬ ತತ್ತ್ವವನ್ನು ಹಿಡಿದು, ಕೇಳಿಸದೆಂದು ತಾನು ಎಣಿಸಿದ್ದನ್ನು ಬಿಸಾಡುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ (ಈ ದರವನ್ನೇ ಬಿಟ್‌ರೇಟು ಎನ್ನುವುದು) ಬಳಸುವ ಎಂಪಿ3ಯಲ್ಲಿ ನಿಮ್ಮ 950 ಎಂಬಿ 86ಕ್ಕೆ ಇಳಿಯುವುದು ಹೀಗೆ. ಹಿಂಡಿದ ಹಾಲು ಕೆಚ್ಚಲಿಗೆ ಮರಳದು. ಬಿಸಾಡಿದ್ದು ಮತ್ತೆ ವೇವ್ ಮಾಡಿದರೂ ಬಾರದು. ಕಿವಿಗೆ ತಿಳಿಯುವುದಿಲ್ಲ ಎಂಬ ಸೋದರಳಿಯನ ಮಾತು ಇಂದಿನ ಮಟ್ಟಿಗೆ ಬಹುಪಾಲು ನಿಜವೇ. ಆದರೆ ಫೈಲಿನ ಕೆಲಸ ಇಂದಿಗೇ ಮುಗಿಯುವುದಿಲ್ಲ. ನಾಳೆ ಯಾರೋ ಅದರ ಮೊರೆತವನ್ನು ತೆಗೆಯಲು ಹೊರಡುತ್ತಾರೆ, ಇನ್ನೊಬ್ಬರು ಒಂದು ಪದ್ಯವನ್ನಷ್ಟೇ ಕತ್ತರಿಸಿ ಮತ್ತೆ ಎಂಪಿ3 ಮಾಡುತ್ತಾರೆ, ಆಗ ಝೆರಾಕ್ಸ್ ಪ್ರತಿಯನ್ನು ಮತ್ತೆ ಝೆರಾಕ್ಸ್ ಮಾಡಿದ ಹಾಗೆ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ.

ಅದರಲ್ಲೂ ತಾಳಮದ್ದಳೆಯನ್ನು ಬರೀ ಮಾತೆಂದು ತಿಳಿದು ತೀರ ಕಡಿಮೆ ಬಿಟ್‌ರೇಟಿಗೆ ಇಳಿಸುವುದು ತಪ್ಪು. ಅರ್ಥಧಾರಿಯ ಮಾತಿಗೆ ಅದು ಸಾಕಾದೀತು. ಭಾಗವತರ ಪದ್ಯಕ್ಕೆ ಚೆಂಡೆ, ಚಕ್ರತಾಳಗಳು ಕೂಡಿದೊಡನೆ ಬಣ್ಣ ಬಯಲಾಗುತ್ತದೆ. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ತೆಗೆದುಕೊಂಡು ಸಂಕ್ಷೇಪಿಸುತ್ತದೆ, 1,152 ಅಳತೆಗಳ ಒಂದು ಚೌಕಟ್ಟೆಂದರೆ ಸೆಕೆಂಡಿನ ಸುಮಾರು 40ನೆಯ ಒಂದು ಭಾಗ. ಸಂಕ್ಷೇಪದಿಂದ ಹುಟ್ಟುವ ಗದ್ದಲವು ತುಂಡಿನ ಉದ್ದಕ್ಕೂ ಹರಡಿಕೊಳ್ಳುವುದರಿಂದ, ಚೆಂಡೆಯ ಪೆಟ್ಟು ತುಂಡಿನ ಕೊನೆಯಲ್ಲಿ ಬಿದ್ದರೂ ಅದರ ಮಸುಕು ಮಾತ್ರ ಪೆಟ್ಟಿಗಿಂತ ಮುಂಚೆಯೇ ಕೇಳಿಸತೊಡಗುತ್ತದೆ. ಬಿಟ್‌ರೇಟು ಸಾಕಷ್ಟಿದ್ದರೆ ಈ ದೋಷ ಅಡಗಿರುತ್ತದೆ, ಇಲ್ಲದಿದ್ದರೆ ಪೆಟ್ಟಿನ ಮೊನಚು ಹೋಗಿ ಚಕ್ರತಾಳ ನೀರಿನೊಳಗೆ ಅಲುಗಿದಂತೆ ಕೇಳುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಸ್ವಂತದ ಕಾರಣವೊಂದಿದೆ. ಡಿಸ್ಕುಗಳು ಚಿಕ್ಕವಾಗಿದ್ದ ದಿನಗಳಲ್ಲಿ ನಾನು ಮನೆಯ ಕ್ಯಾಸೆಟ್ಟುಗಳನ್ನೆಲ್ಲ 64 ಕಿಲೋಬಿಟ್‌ನ ಎಂಪಿ3 ಮಾಡಿ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತಿದ್ದ ಆ ಕ್ಯಾಸೆಟ್ಟುಗಳನ್ನು ಚೀಲ ಸಮೇತ ಭಂಗಾರಿನವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟುಬಿಟ್ಟೆ. ಮುಂಬಯಿಯ ಭಂಗಾರಿಗೂ ನಮ್ಮ ಬಂಗಾರಕ್ಕೂ ಇರುವ ವ್ಯತ್ಯಾಸ ಅಂದು ನನಗೆ ತಿಳಿಯಲಿಲ್ಲ. ಒಳ್ಳೆಯ ಸ್ಪೀಕರು ಕೊಂಡ ದಿನ ಆ ಫೈಲುಗಳನ್ನು ಹಾಕಿ ಕೇಳಿದಾಗ ತಿಳಿಯಿತು.

ಇನ್ನು ಕೆಲಸದ ಕ್ರಮ. 40 ಫೈಲುಗಳನ್ನು ಒಂದೊಂದಾಗಿ ಬದಲಾಯಿಸುತ್ತ ಕೂರುವ ಅಗತ್ಯವಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್ 2000 ಎಂಬ ಉಚಿತ ತಂತ್ರಾಂಶವನ್ನೂ ಅದರ ತಾಣದಲ್ಲೇ ದೊರೆಯುವ ಎನ್‌ಕೋಡರ್ ಪ್ಯಾಕನ್ನೂ ಹಾಕಿಕೊಂಡರೆ, ಎಲ್ಲ ಫೈಲುಗಳನ್ನು ಒಟ್ಟಿಗೆ ಆರಿಸಿ, ಬಲಗುಂಡಿ ಒತ್ತಿ, ಕನ್ವರ್ಟ್ ಎಂಬಲ್ಲಿ ಫ್ಲ್ಯಾಕ್ ಆರಿಸಿ ಊಟಕ್ಕೆ ಏಳಬಹುದು. ನೆಂಟರ ಎಂಪಿ3 ಪ್ರತಿಯನ್ನು ಆ ಫ್ಲ್ಯಾಕ್‌ನಿಂದ ಮಾಡಿ. ಮೊರೆತ ತೆಗೆಯುವುದು, ಧ್ವನಿ ಏರಿಸುವುದು ಮುಂತಾದ ಉಪಚಾರಗಳೆಲ್ಲ ಆ ಪ್ರತಿಗೇ ಇರಲಿ, ಮೂಲಪ್ರತಿಯನ್ನು ಮುಟ್ಟಬೇಡಿ. ಆಡಾಸಿಟಿ ಎಂಬ ಧ್ವನಿಸಂಪಾದನೆಯ ತಂತ್ರಾಂಶದಲ್ಲಿ ಮಾಡುವುದಾದರೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಎಂಬಲ್ಲಿ ಎರಡೂ ಫಾರ್ಮ್ಯಾಟುಗಳಿವೆ. ಹಿಂದೆ ಎಂಪಿ3ಗಾಗಿ ಲೇಮ್ ಎಂಬ ತುಣುಕನ್ನು ಬೇರೆಯಾಗಿ ಹುಡುಕಿ ಹಾಕಬೇಕಾಗಿತ್ತು. ಎಂಪಿ3ಯ ಪರವಾನಗಿ ವ್ಯವಸ್ಥೆ 2017ರಲ್ಲಿ ಕೊನೆಗೊಂಡ ಮೇಲೆ ಅದು ಆಡಾಸಿಟಿಯೊಳಗೇ ಸೇರಿದೆ. ಸೇವ್ ಪ್ರಾಜೆಕ್ಟ್ ಒತ್ತಿದರೆ ದೊರೆಯುವುದು ಆಡಾಸಿಟಿಗೆ ಮಾತ್ರ ಅರ್ಥವಾಗುವ ಕೆಲಸದ ಫೈಲು, ಅದನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟರೆ ನೆಂಟರ ಮನೆಯಲ್ಲಿ ಏನೂ ಕೇಳಿಸದು.

ಸಣ್ಣ ರೆಕಾರ್ಡರು ಎಂದಿದ್ದೀರಿ, ಅದು ಮೋನೋ ಇದ್ದಿರಬೇಕು. ಹಾಗಾದರೆ ಎಡಬಲ ಎರಡರಲ್ಲೂ ಇರುವುದು ಒಂದೇ ಧ್ವನಿ. ಎಂಪಿ3 ಪ್ರತಿಯನ್ನು ಮೋನೋ ಮಾಡಿ 96 ಕಿಲೋಬಿಟ್ ಕೊಟ್ಟರೆ ಚೆಂಡೆಗೂ ಅನ್ಯಾಯವಾಗದು, ಒಂದು ಕ್ಯಾಸೆಟ್ಟು 65 ಎಂಬಿಯಲ್ಲಿ ಮುಗಿದು 40 ಸೇರಿ 3 ಜಿಬಿಯೊಳಗೆ ನಿಲ್ಲುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಸೆಟ್ ಡೆಕ್ಕಿನ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೂ ಎಡದ ಧ್ವನಿಗೂ ಬಲದ ಧ್ವನಿಗೂ ಅತ್ಯಲ್ಪ ಕಾಲದ ಅಂತರ ಬಿದ್ದಿರುತ್ತದೆ, ಎರಡನ್ನೂ ಕೂಡಿಸಿ ಮೋನೋ ಮಾಡಿದರೆ ಮೇಲಿನ ಸ್ವರಗಳು ಒಂದನ್ನೊಂದು ಅಳಿಸಿಕೊಂಡು ಧ್ವನಿ ಮಂಕಾಗುತ್ತದೆ. ಆದ್ದರಿಂದ ಕೂಡಿಸಬೇಡಿ, ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೋನೋ ಟ್ರ್ಯಾಕಾಗಿ ಒಡೆದು, ಎರಡನ್ನೂ ಕೇಳಿ, ಚೆನ್ನಾಗಿರುವುದನ್ನು ಉಳಿಸಿ ಇನ್ನೊಂದನ್ನು ತೆಗೆದುಬಿಡಿ.

ಇಡೀ ರಾತ್ರಿಯ ಕೂಟವನ್ನು ಒಂದೇ ಫೈಲಾಗಿ ಜೋಡಿಸುವ ಯೋಚನೆಯಿದ್ದರೆ ವೇವ್‌ನಲ್ಲಿ ಮಾಡಬೇಡಿ. ತನ್ನ ಗಾತ್ರವನ್ನು ಬರೆದುಕೊಳ್ಳಲು ವೇವ್‌ನ ತಲೆಬರಹದಲ್ಲಿ ಇರುವುದು 32 ಬಿಟ್‌ಗಳ ಜಾಗ ಮಾತ್ರ. 4 ಜಿಬಿ, ಅಂದರೆ ಸಿ.ಡಿ. ಅಳತೆಯಲ್ಲಿ ಸುಮಾರು 6 ಗಂಟೆ 45 ನಿಮಿಷ, ದಾಟಿದರೆ ಆ ಲೆಕ್ಕ ತಪ್ಪುತ್ತದೆ. ನಾಲ್ಕು ಕ್ಯಾಸೆಟ್ಟು ಹಿಡಿಸಿದಲ್ಲಿ ಐದನೆಯದು ಹಿಡಿಸದು.

ಎರಡು ಕಡೆ ಇಡಿ ಎಂದೆನಲ್ಲ, ಎರಡನೆಯದು ಇನ್ನೊಂದು ಮನೆಯಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟಿದ್ದ ಎರಡನೆಯ ಪ್ರತಿ ಯಾರ ಉಪಯೋಗಕ್ಕೂ ಬರಲಿಲ್ಲ.

ಪ್ರಶ್ನೆ: ತೀರಿಕೊಂಡ ನನ್ನ ತಾಯಿಯವರು ಹಾಡಿದ ಸೋಬಾನೆ ಪದಗಳು ನನ್ನ ಬಳಿ ಇವೆ. ಕೆಲವು ಹಳೆಯ ಬಟನ್ ಫೋನಿನಲ್ಲಿ ಮುದ್ರಿಸಿದ ಎಎಂಆರ್ ಫೈಲುಗಳು, ಉಳಿದವು ಅವರೇ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಧ್ವನಿಸಂದೇಶಗಳು. ಮನೆಯ ಮ್ಯೂಸಿಕ್ ಪ್ಲೇಯರಿಗಾಗಿ ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ3 ಎಂದು ತಿದ್ದಿದೆ. ಕಂಪ್ಯೂಟರಿನಲ್ಲಿ ಕೆಲವು ಕೇಳಿಸುತ್ತವೆ, ಪ್ಲೇಯರಿನಲ್ಲಿ ಒಂದೂ ಇಲ್ಲ. ಫೈಲುಗಳು ಕೆಟ್ಟುಹೋದವೆ?
– ಓದುಗರೊಬ್ಬರು, ಚಿಂಚವಾಡ, ಪುಣೆ

ಉತ್ತರ: ಕೆಟ್ಟಿಲ್ಲ, ಚಿಂತೆ ಬೇಡ. ಹೆಸರು ತಿದ್ದುವುದೆಂದರೆ ಡಬ್ಬಿಯ ಮೇಲಿನ ಚೀಟಿಯನ್ನು ಬದಲಿಸಿದಂತೆ. ಒಳಗಿನ ಸಾರಿನಪುಡಿ ಸಾರಿನಪುಡಿಯಾಗಿಯೇ ಇರುತ್ತದೆ. ಮೊದಲಿನ ಹೆಸರನ್ನು ಮರಳಿ ಕೊಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ. ಕಂಪ್ಯೂಟರಿನಲ್ಲಿ ನಿಮಗೆ ಕೇಳಿಸಿದ್ದು, ವಿಎಲ್‌ಸಿಯಂತಹ ತಂತ್ರಾಂಶಗಳು ಚೀಟಿಯನ್ನು ನಂಬದೆ ಮುಚ್ಚಳ ತೆಗೆದು ಒಳಗೆ ನೋಡುವುದರಿಂದ. ನಿಮ್ಮ ಪ್ಲೇಯರು ಚೀಟಿಯನ್ನೇ ನಂಬಿ ಮುಗ್ಗರಿಸುತ್ತದೆ.

ನಿಜವಾಗಿ ಬದಲಾಯಿಸಲು ವಿಎಲ್‌ಸಿಯೇ ಸಾಕು. ಮೀಡಿಯಾ ಮೆನುವಿನಲ್ಲಿ ಕನ್ವರ್ಟ್ ಎಂಬುದನ್ನು ತೆರೆದು, ಫೈಲನ್ನು ಸೇರಿಸಿ, ಪ್ರೊಫೈಲ್ ಎಂಬಲ್ಲಿ ಆಡಿಯೊ ಎಂಪಿ3 ಎಂದಿರುವುದನ್ನು ಆರಿಸಿ, ಹೊಸ ಫೈಲಿಗೆ ಬೇರೆಯದೇ ಹೆಸರು ಕೊಟ್ಟು ಸ್ಟಾರ್ಟ್ ಒತ್ತಿ. ಪ್ರೊಫೈಲಿನ ಪಕ್ಕದ ಸ್ಪ್ಯಾನರ್ ಚಿತ್ರದಲ್ಲಿ ಬಿಟ್‌ರೇಟು ಬದಲಿಸಬಹುದು, ಆದರೆ ನಿಮ್ಮ ಎಎಂಆರ್ ಫೈಲುಗಳಿಗೆ ದೊಡ್ಡ ಅಂಕಿಯನ್ನು ಆರಿಸಿ ಪ್ರಯೋಜನವಿಲ್ಲ. ಎಎಂಆರ್ ಮೊಬೈಲ್ ಕರೆಗಳ ಮಾತಿಗಾಗಿಯೇ ರೂಪಿಸಿದ್ದು. ಹಳೆಯ ಫೋನುಗಳಲ್ಲಿ ಅದು ಸೆಕೆಂಡಿಗೆ 8,000 ಅಳತೆಗಳನ್ನಷ್ಟೇ ತೆಗೆದುಕೊಳ್ಳುವುದರಿಂದ 4,000 ಹರ್ಟ್ಜ್‌ಗಿಂತ ಮೇಲಿನದು ಅದರಲ್ಲಿ ದಾಖಲಾಗಿಯೇ ಇಲ್ಲ, ಹೆಚ್ಚೆಂದರೂ ಅದರ ಬಿಟ್‌ರೇಟು 12.2 ಕಿಲೋಬಿಟ್. 64 ಕಿಲೋಬಿಟ್ ಮೋನೋ ಧಾರಾಳವಾಯಿತು. ಅಳತೆಯ ದರವನ್ನು ಮಾತ್ರ 44,100ಕ್ಕೆ ಏರಿಸಿಕೊಳ್ಳಿ. ಧ್ವನಿ ಉತ್ತಮವಾಗಲೆಂದಲ್ಲ, 8,000 ದರದ ಎಂಪಿ3ಯನ್ನು ಕೆಲವು ಪ್ಲೇಯರುಗಳು ಒಪ್ಪುವುದಿಲ್ಲವೆಂದು.

ವಾಟ್ಸ್‌ಆ್ಯಪಿನ ಧ್ವನಿಸಂದೇಶಗಳು ಓಪಸ್ ಎಂಬ ಫಾರ್ಮ್ಯಾಟಿನವು. 2012ರಲ್ಲಿ ಮಾನಕವಾಗಿ ಅಂಗೀಕೃತವಾದ ಅದು ಕಡಿಮೆ ಬಿಟ್‌ರೇಟಿನಲ್ಲಿ ಎಂಪಿ3ಗಿಂತ ಬಹಳ ಸಮರ್ಥ. ನನ್ನನ್ನು ಕೇಳಿದರೆ ಇಂದು ಲಭ್ಯವಿರುವವುಗಳಲ್ಲಿ ಮನುಷ್ಯರ ದನಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಇಲ್ಲಿ ಒಂದು ಮಾತನ್ನು ಮರೆಯಬಾರದು. ಆಂಡ್ರಾಯ್ಡ್ ಫೋನಿನಿಂದ ತೆಗೆದ ಆ ಫೈಲುಗಳ ಹೆಸರಿನಲ್ಲಿ ಪಿಟಿಟಿ ಎಂಬ ಅಕ್ಷರಗಳ ಮುಂದೆ ಎಂಟು ಅಂಕಿಗಳಿರುತ್ತವೆ: ವರ್ಷ, ತಿಂಗಳು, ದಿನ. ಹೊಸ ಫೈಲಿಗೆ ಕಂಪ್ಯೂಟರು ಇಂದಿನ ದಿನಾಂಕವನ್ನು ಹಾಕುವುದರಿಂದ, ತಾಯಿಯವರು ಯಾವ ಪದವನ್ನು ಎಂದು ಹಾಡಿದರೆಂಬುದಕ್ಕೆ ಉಳಿಯುವ ಗುರುತು ಆ ಎಂಟು ಅಂಕಿಗಳು ಮಾತ್ರ. ಎಂಪಿ3ಯ ಹೆಸರಿನಲ್ಲೂ ಅವನ್ನು ಉಳಿಸಿಕೊಂಡು, ಮುಂದೆ ಪದದ ಮೊದಲ ಸಾಲನ್ನು ಸೇರಿಸಿ. ಮೂಲದ ಎಎಂಆರ್, ಓಪಸ್ ಫೈಲುಗಳು ತೀರ ಚಿಕ್ಕವು. ಅವನ್ನು ಹಾಗೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರವಾಸಿ ಟ್ಯಾಕ್ಸಿ ಓಡಿಸುತ್ತೇನೆ. ಕಾರಿಗೆ ಹಾಕಿಕೊಳ್ಳಲು 128 ಕಿಲೋಬಿಟ್‌ನ ಭಜನೆಗಳನ್ನು ಗೆಳೆಯನೊಬ್ಬ 320ಕ್ಕೆ ಏರಿಸಿಕೊಟ್ಟ. ಗಾತ್ರ ಎರಡೂವರೆ ಪಟ್ಟಾಯಿತು, ಧ್ವನಿ ಇದ್ದ ಹಾಗೆಯೇ ಇದೆ. ಕನ್ನಡದ ಹೆಸರುಗಳ ಬದಲು ಪರದೆಯಲ್ಲಿ ಚೌಕಗಳು ಕಾಣುತ್ತವೆ, ಹಾಡುಗಳ ಕ್ರಮವೂ ಕಲಸಿಹೋಗಿದೆ.
– ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಒಂದು ಲೋಟ ಕಾಫಿಯನ್ನು ಕೊಡಕ್ಕೆ ಸುರಿದರೆ ಕಾಫಿ ಹೆಚ್ಚುವುದಿಲ್ಲ. ನಿಮ್ಮ ಹಾಡುಗಳು ಇದ್ದ ಹಾಗೆಯೇ ಇವೆ ಎಂದರೂ ಪೂರ್ತಿ ನಿಜವಲ್ಲ, ಎರಡನೆಯ ಸಲ ಸಂಕ್ಷೇಪಗೊಂಡು ಎಳ್ಳಷ್ಟು ಕಡಿಮೆಯೇ ಆಗಿವೆ. 128ರ ಮೂಲ ಇನ್ನೂ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಚೌಕಗಳಿಗೆ ಫೈಲು ಕಾರಣವಲ್ಲ. ಹಾಡಿನ ಹೆಸರು, ಗಾಯಕರ ಹೆಸರು ಮೊದಲಾದವು ಎಂಪಿ3ಯೊಳಗಿನ ಟ್ಯಾಗ್ ಎಂಬ ಭಾಗದಲ್ಲಿರುತ್ತವೆ, ಅಲ್ಲಿ ಯೂನಿಕೋಡ್ ಕನ್ನಡವನ್ನು ಬರೆಯಲು ಅಡ್ಡಿಯಿಲ್ಲ. ಕಾರಿನ ಪ್ಲೇಯರಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಮನೆಯ ಪ್ರತಿಯಲ್ಲಿ ಕನ್ನಡವನ್ನೇ ಉಳಿಸಿ, ಕಾರಿನ ಪ್ರತಿಗೆ ಮಾತ್ರ ಎಂಪಿ3ಟ್ಯಾಗ್ ಎಂಬ ತಂತ್ರಾಂಶದಿಂದ ರೋಮನ್ ಲಿಪಿಯಲ್ಲಿ ಹೆಸರು ಬರೆದುಕೊಳ್ಳಿ. ಕ್ರಮ ಕಲಸಿಹೋಗಲು ಕಾರಣ, ಹಲವು ಪ್ಲೇಯರುಗಳು ಅಕ್ಷರಮಾಲೆಯನ್ನು ನೋಡದೆ ಪೆನ್ ಡ್ರೈವಿಗೆ ಫೈಲುಗಳು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ನುಡಿಸುವುದು. ಹೆಸರಿನ ಮೊದಲಿಗೆ 01, 02 ಎಂದು ಬರೆದು, ಪೆನ್ ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಆ ಕ್ರಮದಲ್ಲೇ ಹೊಸದಾಗಿ ನಕಲಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ನಮ್ಮ ಸಂಘದ ಆಡಳಿತ ಸಭೆಯ ಧ್ವನಿಮುದ್ರಣವನ್ನು ಫೈಲು ಬದಲಾಯಿಸಿಕೊಡುವ ಜಾಲತಾಣವೊಂದಕ್ಕೆ ಕಳಿಸಿ ಎಂಪಿ3 ಮಾಡಿಸಿಕೊಂಡೆ. ಇದು ಸುರಕ್ಷಿತವೆ?
– ಓದುಗರೊಬ್ಬರು, ಮಾಟುಂಗಾ

ಉತ್ತರ: ಅಂಥ ತಾಣಕ್ಕೆ ಕಳಿಸುವುದೆಂದರೆ ಫೈಲಿನ ಪ್ರತಿಯೊಂದನ್ನು ಅಪರಿಚಿತರ ಕಂಪ್ಯೂಟರಿನಲ್ಲಿ ಇಟ್ಟುಬಂದಂತೆ. ಇಷ್ಟು ಗಂಟೆಗಳಲ್ಲಿ ಅಳಿಸುತ್ತೇವೆಂದು ಅವರು ಬರೆದಿದ್ದರೂ ಅದನ್ನು ಪರೀಕ್ಷಿಸಿ ನೋಡುವ ದಾರಿ ನಮಗಿಲ್ಲ. ಜೊತೆಗೆ, ನಿಜವಾದ ಡೌನ್‌ಲೋಡ್ ಗುಂಡಿಯ ಸುತ್ತ ಅದೇ ಬಣ್ಣದ ಜಾಹೀರಾತು ಗುಂಡಿಗಳಿದ್ದು, ಕೈತಪ್ಪಿ ಒತ್ತಿದರೆ ಬೇಡದ ತಂತ್ರಾಂಶ ಬಂದು ಕೂರುತ್ತದೆ. ಸಭೆಯ ಮಾತುಕತೆಯನ್ನು ಹೀಗೆ ಹೊರಗೆ ಕಳಿಸುವ ಅಗತ್ಯವೇ ಇರಲಿಲ್ಲ. ಮೇಲೆ ಹೇಳಿದ ಫೂಬಾರ್, ಆಡಾಸಿಟಿ, ವಿಎಲ್‌ಸಿ ಮೂರೂ ಇಂಟರ್‌ನೆಟ್ ಇಲ್ಲದೆಯೇ ಕೆಲಸ ಮಾಡುತ್ತವೆ. ಅವನ್ನೂ ಅವುಗಳ ಸ್ವಂತ ತಾಣಗಳಿಂದಲೇ ಇಳಿಸಿಕೊಳ್ಳಿ.

ಪ್ರಶ್ನೆ: ನಾಲ್ಕು ನಿಮಿಷದ ನಮ್ಮ ಮಕ್ಕಳ ಸಮೂಹಗಾನವನ್ನು ವಿಡಿಯೊಗೆ ಸೇರಿಸಲು 48 ಕಿಲೋಹರ್ಟ್ಜ್ ವೇವ್ ಬೇಕೆಂದರು. ಆಡಾಸಿಟಿಯಲ್ಲಿ 44,100 ಎಂದಿದ್ದಲ್ಲಿ 48,000 ಎಂದು ಬದಲಿಸಿದೆ. ಹಾಡು ಓಡತೊಡಗಿತು, ಶ್ರುತಿಯೂ ಏರಿತು.
– ಶಿಕ್ಷಕಿ, ಮುಲುಂದ್

ಉತ್ತರ: ನೀವು ಬದಲಿಸಿದ್ದು ಟ್ರ್ಯಾಕಿನ ಹೆಸರಿನ ಕೆಳಗೆ ಬರುವ ಪಟ್ಟಿಯ ದರವನ್ನು. ಅದು ಇರುವ ಅಳತೆಗಳನ್ನೇ ಇನ್ನಷ್ಟು ಬೇಗ ನುಡಿಸು ಎಂಬ ಆಜ್ಞೆ. ಹಾಗಾಗಿ ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿದು, ಶ್ರುತಿ ಸುಮಾರು ಒಂದೂವರೆ ಮನೆ ಮೇಲಕ್ಕೇರಿರಬೇಕು. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದರಲ್ಲಿ ಹಾಡಿದ ಮಕ್ಕಳು ಕಪ್ಪು ಒಂದನ್ನು ದಾಟಿ ಬಿಳಿ ಎರಡರ ಹತ್ತಿರ ಬಂದಿದ್ದಾರೆ. ಆ ಪಟ್ಟಿಯಲ್ಲಿ 44,100ನ್ನು ಮರಳಿ ಇಟ್ಟು, ಎಕ್ಸ್‌ಪೋರ್ಟ್ ಮಾಡುವಾಗ ಕೇಳುವ ಸ್ಯಾಂಪಲ್ ರೇಟಿನಲ್ಲಿ 48,000 ಆರಿಸಿ. ಆಗ ಆಡಾಸಿಟಿ ಹಾಡಿನ ಅವಧಿಯನ್ನು ಮುಟ್ಟದೆ ಅಳತೆಗಳನ್ನು ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ. ಹೊಸ ಫೈಲು ಸರಿಯಾಗಿ ನಾಲ್ಕು ನಿಮಿಷ ಇದೆಯೇ ಎಂದು ನೋಡಿಕೊಂಡು ಕಳಿಸಿ.